ಗೋಲಮ್‌ಗಾಗಿ ಅತ್ತವಳಿಗೆ

ಪ್ರೀತಿಯ ತಂಗಿ,

ನಿನ್ನ 14 ಪುಟದ ಲೇಖನ ಬಂದು ಮೂರು ವಾರ ಆಯಿತು. ಉತ್ತರ ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು. ಎರಡನೇ ಸಲ ಹನ್ನೊಂದನೇ ಪುಟದಲ್ಲಿ ನೀನು ಗೀಚಿ ಹೊಡೆದುಹಾಕಿದ ಒಂದು ಸಾಲು ಕಣ್ಣಿಗೆ ಬಿತ್ತು. ಅದು ಇಲ್ಲದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅದರ ಮಾತು ಆಮೇಲೆ.

ಲೇಖನ ಎಷ್ಟು ಉದ್ದ ಇರಬೇಕು, ಎಲ್ಲಿಗೆ ಕಳಿಸಬೇಕು, ಶುರು ಹೇಗೆ ಮಾಡಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಬರೆಯುವುದನ್ನೇ ಬಿಟ್ಟುಬಿಡಲಾ ಅಂತಲೂ ಕೇಳಿದ್ದೀಯ. ಬಿಡುವವರು ಯಾರನ್ನೂ ಕೇಳಿ ಬಿಡುವುದಿಲ್ಲ ಕಣಮ್ಮ.

'ದ ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾಗಳಲ್ಲಿ ಯೇಸುವನ್ನು ಕಾಣುವುದು ನಿನ್ನ ವಿಷಯ. ಒಳ್ಳೆಯ ವಿಷಯವೇ. 2001, 2002, 2003ರಲ್ಲಿ ಸಾಲಾಗಿ ಬಂದ ಮೂರು ಸಿನಿಮಾ. ಲೋಕವನ್ನೇ ಹಾಳುಮಾಡಬಲ್ಲ ಒಂದು ಉಂಗುರವನ್ನು ಬೆಂಕಿಯ ಬೆಟ್ಟದಲ್ಲಿ ಹಾಕಿ ನಾಶಮಾಡಲು ಫ್ರೋಡೋ ಹೊರಡುವ ಕಥೆ. ಕೊನೆಯದಕ್ಕೆ 11 ಆಸ್ಕರ್. ಮೂಲ ಕಾದಂಬರಿ ಬರೆದ ಟೋಲ್ಕಿನ್ ಗಟ್ಟಿ ಕ್ಯಾಥೊಲಿಕ್ ಮನುಷ್ಯ. ಹಾಗಾಗಿ ನೀನು ಅಗೆಯುತ್ತಿರುವ ಜಾಗ ತಪ್ಪಲ್ಲ. ಅಗೆಯುವ ರೀತಿ ತಪ್ಪು.

ಮಾಂತ್ರಿಕ ಗ್ಯಾಂಡಾಲ್ಫ್ ಪಾತಾಳಕ್ಕೆ ಬಿದ್ದು ಬಿಳಿ ಬಟ್ಟೆಯಲ್ಲಿ ತಿರುಗಿ ಬಂದ, ಆದ್ದರಿಂದ ಕ್ರಿಸ್ತ. ಆರಗಾರ್ನ್ ತನ್ನ ಸಿಂಹಾಸನಕ್ಕೆ ಮರಳಿದ, ಅವನೂ ಕ್ರಿಸ್ತ. ಫ್ರೋಡೋ ಎಲ್ಲರ ಭಾರ ಹೊತ್ತು ಬೆಟ್ಟ ಹತ್ತಿದ, ಅವನಂತೂ ಕ್ರಿಸ್ತನೇ. ಐದನೇ ಪುಟ ಮುಗಿಯುವಷ್ಟರಲ್ಲಿ ಮೂವರಾದರು! ಅವರು ದಾರಿಯಲ್ಲಿ ತಿನ್ನುವ ಲೆಂಬಾಸ್ ರೊಟ್ಟಿ, ಪೂಜೆಯಲ್ಲಿ ಕೊಡುವ ಪರಮಪ್ರಸಾದ. ಫ್ರೋಡೋನನ್ನು ಬೆನ್ನ ಮೇಲೆ ಹೊತ್ತ ಗೆಳೆಯ ಸ್ಯಾಮ್, ಯೇಸುವಿನ ಶಿಲುಬೆಗೆ ಹೆಗಲು ಕೊಟ್ಟ ಸಿಮೋನ. ಉಂಗುರದ ಆಸೆಗೆ ಬಿದ್ದು ಹಾಳಾದ ಗೋಲಮ್, ಯೇಸುವನ್ನು ಹಿಡಿದುಕೊಟ್ಟ ಯೂದ. ಪಾಪ, ಕುದುರೆಗಳಿಗೆ ಮಾತ್ರ ನೀನು ಏನೂ ಕೊಟ್ಟಿಲ್ಲ.

ಶಾಲೆಯಲ್ಲಿ 'ಹೊಂದಿಸಿ ಬರೆಯಿರಿ' ಅಂತ ಒಂದು ಪ್ರಶ್ನೆ ಇರುತ್ತಿತ್ತಲ್ಲ, ಇದು ಅದೇ. ಎಡಗಡೆ ಸಿನಿಮಾ, ಬಲಗಡೆ ಬೈಬಲ್, ನಡುವೆ ಗೆರೆ. ನಿನ್ನ ಗೆರೆಗಳಲ್ಲಿ ಕೆಲವು ನಿಜವೇ ಇರಬಹುದು. ಆದರೆ ಗೆರೆ ಎಳೆದ ಮೇಲೆ ಯಾರೂ ಎಡಗಡೆ ತಿರುಗಿ ನೋಡುವುದಿಲ್ಲ. ನೀನೂ ನೋಡಿಲ್ಲ.

ಟೋಲ್ಕಿನ್‌ಗೇ ಇಂಥ ಹೊಂದಿಸುವಿಕೆ ಹಿಡಿಸುತ್ತಿರಲಿಲ್ಲ. 1953ರಲ್ಲಿ ಒಬ್ಬ ಜೆಸ್ವಿಟ್ ಸ್ನೇಹಿತರಿಗೆ ಬರೆದ ಪತ್ರದಲ್ಲಿ ಅವರು, ಈ ಕಥೆ ಮೂಲದಲ್ಲಿ ಧಾರ್ಮಿಕವಾದದ್ದು, ಕ್ಯಾಥೊಲಿಕ್ ಆದದ್ದು ಅಂತ ಒಪ್ಪಿಕೊಳ್ಳುತ್ತಾರೆ. ಮೊದಲು ಅದು ತಮಗೆ ಗೊತ್ತಿಲ್ಲದೆ ಆಯಿತು, ತಿದ್ದುವಾಗ ಗೊತ್ತಿದ್ದೇ ಆಯಿತು ಅನ್ನುತ್ತಾರೆ. ಆ ಕಾರಣಕ್ಕೇ ಪೂಜೆ, ಪದ್ಧತಿಗಳನ್ನೆಲ್ಲ ಹೊರಗಿಟ್ಟರಂತೆ. ನೀರಿನಲ್ಲಿ ಕರಗಿದ ಉಪ್ಪನ್ನು ನೀನು ಚಿಮಟ ಹಿಡಿದು ಹೆಕ್ಕಲು ಹೊರಟಿದ್ದೀಯ.

ಇನ್ನೊಂದು ಮಾತು. ಉಂಗುರ ನಾಶವಾಗುವುದು ಮಾರ್ಚ್ 25ರಂದು, ಅದು ಗಬ್ರಿಯೇಲ ದೂತ ಮರಿಯಮ್ಮನವರಿಗೆ ಸಂದೇಶ ತಂದ ಹಬ್ಬದ ದಿನ, "ಸಿನಿಮಾ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ" ಅಂತ ಬರೆದಿದ್ದೀಯ. ಎಲ್ಲಿ ತೋರಿಸುತ್ತದೆ? ಆ ತಾರೀಖು ಇರುವುದು ಪುಸ್ತಕದಲ್ಲಿ. ಯಾರೋ ಹೇಳಿದ್ದನ್ನು ನೀನು ಕಣ್ಣಾರೆ ನೋಡಿದ ಹಾಗೆ ಬರೆದುಬಿಟ್ಟೆ.

ಇದಕ್ಕೆ ಇಷ್ಟು ರೇಗುತ್ತೇನೆ ಯಾಕೆ ಅಂದರೆ ನಾನೂ ಅದನ್ನೇ ಮಾಡಿದ್ದೇನೆ, ಇನ್ನೂ ಕೆಟ್ಟದಾಗಿ. 30 ವರ್ಷದ ಹಿಂದೆ ಒಂದು ಚರ್ಚಿನ ಮಾಸಪತ್ರಿಕೆಗೆ ಸಿನಿಮಾಗಳ ಬಗ್ಗೆ ಬರೆಯುತ್ತಿದ್ದೆ. ಒಂದು ಸಿನಿಮಾದಲ್ಲಿ ಮನೆ ಬಿಟ್ಟು ಹೋದ ಮಗ ವರ್ಷಗಟ್ಟಲೆ ಆದಮೇಲೆ ತಿರುಗಿ ಬರುತ್ತಾನೆ. "ಅಪ್ಪ ಓಡಿ ಬಂದು ಮಗನನ್ನು ತಬ್ಬಿಕೊಳ್ಳುತ್ತಾನೆ" ಅಂತ ಬರೆದೆ. ಅದರ ಮೇಲೆ ಎರಡು ಪ್ಯಾರಾ ಕಟ್ಟಿದೆ. ಜನ ಮೆಚ್ಚಿದರು. ಭಾನುವಾರ ಪೂಜೆ ಮುಗಿದ ಮೇಲೆ ಬಂದು ಕೈ ಹಿಡಿದು ಕಣ್ಣೊರೆಸಿಕೊಂಡವರೂ ಇದ್ದರು. ಒಬ್ಬರು ಮಾತ್ರ ಒಂದು ಕಾರ್ಡು ಹಾಕಿದರು. ಮೂರೇ ಸಾಲು: ಆ ಅಪ್ಪ ಓಡಿ ಬರುವುದಿಲ್ಲ. ಬಾಗಿಲಲ್ಲೇ ನಿಂತಿರುತ್ತಾನೆ. ಮಗ ಹತ್ತಿರ ಬಂದಾಗ ಸ್ವಲ್ಪ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ, ಅಷ್ಟೇ.

ಹೋಗಿ ಇನ್ನೊಂದು ಸಲ ನೋಡಿದೆ. ಕಾರ್ಡು ಸರಿಯಾಗಿತ್ತು. ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ತಿರುಗಿ ಬಂದ ಮಗನನ್ನು ಓಡಿ ಬಂದು ತಬ್ಬಿಕೊಳ್ಳುವ ಅಪ್ಪನನ್ನು ನಾನೇ ಆ ಸಿನಿಮಾದೊಳಗೆ ಓಡಿಸಿದ್ದೆ. ಪಕ್ಕಕ್ಕೆ ಸರಿಯುವ ಆ ಒಂದು ಹೆಜ್ಜೆ ಎಂಥ ಹೆಜ್ಜೆ ಗೊತ್ತಾ! ತಬ್ಬಿಕೊಳ್ಳಲು ಬಾರದ ಮನುಷ್ಯ ಮಾಡಬಲ್ಲದ್ದು ಅಷ್ಟೇ. ಅದನ್ನು ನೋಡದೆ ಹೋದೆ. ತಿದ್ದುಪಡಿ ಹಾಕಿ ಅಂತ ಸಂಪಾದಕರನ್ನು ಕೇಳಿದರೆ, "ಓದಿದವರಿಗೆ ಒಳ್ಳೆಯದಾಗಿದೆ, ಈಗ ಯಾಕೆ ಕೆದಕುತ್ತೀರಿ" ಅಂದರು. ಆ ಮಾತಿಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಆದರೆ ಸುಮ್ನೆ ತಲೆಯಾಡಿಸಿ ಎದ್ದು ಬಂದವನು ನಾನು. ಕಾರ್ಡು ಹಾಕಿದವರಿಗೆ ಉತ್ತರವನ್ನೂ ಬರೆಯಲಿಲ್ಲ. ಈಗ ಅವರು ಇಲ್ಲ.

ನೀನು ಇದನ್ನು ಚರ್ಚಿನಲ್ಲಿ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು ಅಂತ ಬರೆದಿದ್ದೀಯ. ತಟ್ಟುತ್ತಾರಮ್ಮ. ಅವರಿಗೆ ಮೊದಲೇ ಗೊತ್ತಿದ್ದದ್ದನ್ನೇ ನೀನು ಹೇಳಿದ್ದೀಯ, ಅಲ್ವಾ?

ಈಗ ಗೋಲಮ್ ವಿಷಯಕ್ಕೆ ಬರೋಣ. ಯೂದ ಅಂತ ಒಂದು ಪದ ಬರೆದು ಅವನನ್ನು ಮುಗಿಸಿಬಿಟ್ಟಿದ್ದೀಯ. ಎರಡನೇ ಸಿನಿಮಾದ ಕೊಳದ ದೃಶ್ಯ ನೆನಪಿದೆಯಾ? ಗೋಲಮ್ ಕೆಳಗೆ ನೀರಿನಲ್ಲಿ ಮೀನು ಹಿಡಿಯುತ್ತಿದ್ದಾನೆ. ಮೇಲೆ ಬಿಲ್ಲುಗಾರರು ಗುರಿ ಇಟ್ಟು ನಿಂತಿದ್ದಾರೆ. ಅವನ ಜೀವ ಉಳಿಸಲಿಕ್ಕೆ ಫ್ರೋಡೋ ಕೆಳಗಿಳಿದು ಕರೆಯುತ್ತಾನೆ. ಸ್ಮಿಯಾಗಲ್ ಅಂತ ಅವನ ಹಳೇ ಹೆಸರು ಹಿಡಿದು ಕರೆಯುತ್ತಾನೆ. ತಾನು ಯಜಮಾನ ಅಂತ ಕರೆಯುವ ಫ್ರೋಡೋನನ್ನು ನಂಬಿ ಗೋಲಮ್ ಬಾಯಲ್ಲಿ ಮೀನು ಕಚ್ಚಿಕೊಂಡೇ ಹತ್ತಿರ ಬರುತ್ತಾನೆ. ತಕ್ಷಣ ಸೈನಿಕರು ಹಿಡಿದು ಬಡಿಯುತ್ತಾರೆ. ಅವನ ಕಣ್ಣಿನಲ್ಲಿ ನೋಡಿದರೆ ಅಲ್ಲಿ ನಂಬಿಸಿ ಹಿಡಿದುಕೊಟ್ಟವನು ಯಾರು? ನಿನ್ನ ಗೆರೆ ಅಲ್ಲೇ ಕಿತ್ತುಹೋಗುತ್ತದೆ. ಅದಕ್ಕೇ ಆ ದೃಶ್ಯ ನಿನ್ನ ಲೇಖನದಲ್ಲಿ ಇಲ್ಲ.

ಉಂಗುರ ನಾಶವಾಗುವ ದೃಶ್ಯವೂ ಇಲ್ಲ. "ಫ್ರೋಡೋ ತನ್ನನ್ನೇ ಅರ್ಪಿಸಿಕೊಂಡು ಲೋಕವನ್ನು ಉಳಿಸಿದ" ಅಂತ ಒಂದೇ ಸಾಲಿನಲ್ಲಿ ದಾಟಿಹೋಗಿದ್ದೀಯ. ಅವನು ಉಳಿಸಲಿಲ್ಲ ತಂಗಿ. ಬೆಂಕಿಯ ಅಂಚಿನಲ್ಲಿ ನಿಂತು, ಉಂಗುರ ನನ್ನದು ಅಂತ ಬೆರಳಿಗೆ ಹಾಕಿಕೊಂಡ. ಸೋತ. ಗೋಲಮ್ ಆ ಬೆರಳನ್ನೇ ಕಚ್ಚಿ ಕಿತ್ತುಕೊಂಡದ್ದರಿಂದ ಲೋಕ ಉಳಿಯಿತು. ಪುಸ್ತಕದಲ್ಲಿ ಅವನು ಖುಷಿಯಲ್ಲಿ ಕುಣಿಯುತ್ತಾ ತಾನೇ ಕಾಲು ತಪ್ಪಿ ಬೀಳುತ್ತಾನೆ. ಯಾವ ನಾಯಕನ ಕೈಯೂ ಅದರಲ್ಲಿ ಇಲ್ಲ. ಸಿನಿಮಾದಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ಅದನ್ನು ಬದಲಿಸಿದ್ದಾರೆ. ಫ್ರೋಡೋ ಎದ್ದು ಬಂದು ಅವನ ಜೊತೆ ಗುದ್ದಾಡುತ್ತಾನೆ, ಇಬ್ಬರೂ ಅಂಚಿನಿಂದ ಜಾರುತ್ತಾರೆ. ನನಗೆ ಪುಸ್ತಕದ್ದೇ ಜಾಸ್ತಿ ಇಷ್ಟ. ಆದರೆ ನೀನು ಸಿನಿಮಾ ಬಗ್ಗೆ ಬರೆಯುತ್ತಿದ್ದೀಯ, ಹಾಗಾಗಿ ಸಿನಿಮಾದಲ್ಲಿ ಇರುವುದನ್ನೇ ನೋಡು.

ನಿನ್ನೆ ರಾತ್ರಿ ಅದೊಂದು ತುಣುಕನ್ನು ನಾಲ್ಕು ಸಲ ಹಾಕಿ ನೋಡಿದೆ. ಗೋಲಮ್ ಬೆಂಕಿಯಲ್ಲಿ ಮುಳುಗುವಾಗಲೂ ಕಣ್ಣು ಉಂಗುರದ ಮೇಲೇ. ಉಂಗುರ ಒಡನೆ ಕರಗುವುದಿಲ್ಲ. ಫ್ರೋಡೋ ರಕ್ತ ಸುರಿಯುವ ಕೈಯಲ್ಲಿ ಬಂಡೆಗೆ ಜೋತುಬಿದ್ದಿದ್ದಾನೆ. ಸ್ಯಾಮ್ ಬಗ್ಗಿ ಕೈ ಚಾಚಿದ್ದಾನೆ. ಹಿಡಿಯಬೇಕೋ ಬಿಡಬೇಕೋ ಅಂತ ಒಂದು ಗಳಿಗೆ ಫ್ರೋಡೋ ಮುಖದಲ್ಲಿ ಅನುಮಾನ ಸುಳಿಯುತ್ತದೆ. ಅದನ್ನು ನೋಡಿದ್ದೀಯಾ? ಲೋಕ ಉಳಿಸಲು ಹೊರಟವನು ಈಗ ಇನ್ನೊಬ್ಬರ ಕೈ ಹಿಡಿಯಲು ಒಪ್ಪಬೇಕಾಗಿದೆ.

ಮೊದಲ ಸಿನಿಮಾದ ಗಣಿಯ ಕತ್ತಲಲ್ಲಿ ಫ್ರೋಡೋ ಒಂದು ಮಾತು ಹೇಳುತ್ತಾನೆ: ತನಗಿಂತ ಮೊದಲು ಉಂಗುರ ಇಟ್ಟುಕೊಂಡಿದ್ದ ಬಿಲ್ಬೋ ಗೋಲಮ್‌ನನ್ನು ಆಗಲೇ ಕೊಂದಿದ್ದರೆ ಚೆನ್ನಾಗಿತ್ತು ಅಂತ. ಕರುಣೆಯೇ ಬಿಲ್ಬೋನ ಕೈ ತಡೆಯಿತು ಅನ್ನುತ್ತಾನೆ ಗ್ಯಾಂಡಾಲ್ಫ್. ಕೊನೆಗೆ ಎಲ್ಲವೂ ಆ ಕರುಣೆಯ ಮೇಲೇ ನಿಲ್ಲುತ್ತದೆ. ಆದರೆ ನಿನ್ನ ಲೇಖನ ಹೆದರಿ ಓಡಿಹೋದದ್ದು ಇದರಿಂದಲೇ ಅಂತ ನನಗೆ ಅನುಮಾನ. ಕರುಣೆ ಎಲ್ಲರನ್ನೂ ಉಳಿಸಿತು, ಕರುಣೆ ಪಡೆದವನನ್ನು ಮಾತ್ರ ಉಳಿಸಲಿಲ್ಲ. ವಿಶ್ವಾಸಿಯಾದ ನೀನು ಇದನ್ನು ಏನು ಮಾಡುತ್ತೀಯ? ನನ್ನ ಹತ್ತಿರ ಉತ್ತರ ಇಲ್ಲ. ಯಾವ ಫಾದರ್ ಹತ್ತಿರವೂ ಸುಲಭದ ಉತ್ತರ ಕೇಳಬೇಡ.

ಹನ್ನೊಂದನೇ ಪುಟದಲ್ಲಿ ನೀನು ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿದು ಓದಿದೆ. "ಫ್ರೋಡೋ ಉಳಿದಾಗ ನನಗೆ ಅಳು ಬರಲಿಲ್ಲ, ಗೋಲಮ್ ಮುಳುಗುವಾಗ ಬಂತು, ಇದನ್ನು ಹೇಳಬಾರದೇನೋ." ಪೆನ್ನು ಒತ್ತಿ ಒತ್ತಿ ಗೀಚಿದ್ದೀಯ, ಕಾಗದ ತೂತಾಗಿದೆ.

ಉಳಿದ ಪುಟಗಳನ್ನು ವಾಪಸ್ ಕಳಿಸುತ್ತಿದ್ದೇನೆ. ಈ ಒಂದು ಹಾಳೆ ನನ್ನ ಹತ್ತಿರವೇ ಇರಲಿ. ಆ ಸಾಲಿನಿಂದ ಶುರುಮಾಡಿ ಬರೆ, ಎರಡೇ ಪುಟ ಆದರೂ ಸಾಕು. ಮೇಲೆ ಹೇಳಿದ ದೃಶ್ಯಗಳಲ್ಲಿ ನಾನು ಏನಾದರೂ ತಪ್ಪು ನೋಡಿದ್ದರೆ ಒಂದು ಕಾರ್ಡು ಹಾಕು. ಈ ಸಲ ಉತ್ತರ ಬರೆಯುತ್ತೇನೆ.

ನಿನ್ನ ಅಣ್ಣ