ಗೋದಾಮು ಕೊಟ್ಟವರಿಗೆ, ಕಿವಿ ಕೊಟ್ಟವರಿಗೆ

ಕಳೆದ ಶನಿವಾರ ಮಡಿಕೇರಿಯಲ್ಲಿ ನೀವು ಕೇಳಿದ್ದು ನಮ್ಮ ಬ್ಯಾಂಡಿನ ಕೊನೆಯ ಕಾರ್ಯಕ್ರಮ. ಕಾಫಿ ಕೊಯ್ಲಿನ ದಿನಗಳಲ್ಲಿ, ಆ ಚಳಿಯಲ್ಲಿ, ಸೋಮವಾರಪೇಟೆ, ವಿರಾಜಪೇಟೆ, ಗೋಣಿಕೊಪ್ಪದಿಂದೆಲ್ಲ ಬಂದು ಕುಳಿತಿರಿ. ಪಲ್ಲವಿ ಎಲ್ಲಿ, ಚರಣ ಎಲ್ಲಿ ಎಂದು ಗೊತ್ತಾಗದಷ್ಟು ಉದ್ದದ ಹಾಡಿಗೂ ಯಾರೂ ಎದ್ದು ಹೋಗಲಿಲ್ಲ. ವೇದಿಕೆಯ ಮೇಲೆ ಮಾತಾಡಲು ಹೋದರೆ ಗಂಟಲು ಕಟ್ಟಿತು. ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ, ಅಭ್ಯಾಸಕ್ಕೆ ಗೋದಾಮು ಬಿಟ್ಟುಕೊಟ್ಟ ತೋಟದ ಯಜಮಾನರಿಗೆ. ಬಾಡಿಗೆಯ ಮಾತೇ ಎತ್ತಲಿಲ್ಲ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಮಕ್ಕಳು ಮಲಗುವ ಹೊತ್ತಿಗೆ ನಿಲ್ಲಿಸಬೇಕು ಎಂದರು, ಅಷ್ಟೇ. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆಯೊಳಗೇ ಒಣಗಿಸಿದ ಕಾಫಿ ಬೀಜದ ಚೀಲಗಳನ್ನು ಗೋಡೆಯುದ್ದಕ್ಕೂ ಪೇರಿಸಿಟ್ಟ ದಿನಗಳಲ್ಲಿ ಆ ಗೋದಾಮಿನಲ್ಲಿ ಡ್ರಮ್‌ನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಲಾರಿ ಬಂದು ಚೀಲಗಳು ಆ ಸಿಪ್ಪೆ ತೆಗೆಯುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೇಲೆ ಅದೇ ಹಾಡು ಗೋಡೆಯಿಂದ ಗೋಡೆಗೆ ಬಡಿದು ಗದ್ದಲವಾಯಿತು. ಕೀಬೋರ್ಡ್ ನುಡಿಸುವ ನನಗೆ ನನ್ನ ಸ್ವರವೇ ಕೇಳುತ್ತಿರಲಿಲ್ಲ. ತೋಟದ ಲೆಕ್ಕ ನೋಡುವ ರೈಟರ್ ಬಾಗಿಲಲ್ಲಿ ನಿಂತು ಒಂದಷ್ಟು ಹೊತ್ತು ಕೇಳಿ ಹೋದರು. ಮುಂದಿನ ಅಭ್ಯಾಸಕ್ಕೆ ನಾವು ಬಂದಾಗ ಖಾಲಿ ಗೋಣಿಚೀಲಗಳು ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದವು. ಯಾರೂ ಕೇಳಿರಲಿಲ್ಲ, ಅವರಾಗಿಯೇ ಮಾಡಿಸಿದ್ದರು. ರೈಟರಣ್ಣಾ, ನಮ್ಮ ಧ್ವನಿಮುದ್ರಣ ಅಷ್ಟು ಸ್ವಚ್ಛವಾಗಿ ಬಂದಿದ್ದರೆ ಅದು ನಿಮ್ಮಿಂದ.

ನಮಗೆ ದಾರಿ ತೋರಿದ್ದು ಯು.ಕೆ. ಎಂಬ ಇಂಗ್ಲೆಂಡಿನ ರಾಕ್ ತಂಡ. ಕಿಂಗ್ ಕ್ರಿಮ್ಸನ್ ಎಂಬ ರಾಕ್ ತಂಡದಲ್ಲಿ ಜೊತೆಗಿದ್ದ ಬಾಸ್‌ನ ಜಾನ್ ವೆಟನ್ ಮತ್ತು ಡ್ರಮ್‌ನ ಬಿಲ್ ಬ್ರೂಫೋರ್ಡ್, ಕೀಬೋರ್ಡ್ ಹಾಗೂ ಪಿಟೀಲಿನ ಎಡ್ಡಿ ಜಾಬ್ಸನ್, ಗಿಟಾರಿನ ಅಲನ್ ಹೋಲ್ಡ್ಸ್‌ವರ್ತ್ ಸೇರಿ 1977ರಲ್ಲಿ ಕಟ್ಟಿದ ತಂಡ ಅದು. 1980ಕ್ಕೆ ಮುಗಿದೇ ಹೋಯಿತು. ಅವರ ಮೊದಲ ಆಲ್ಬಂನ ಮೊದಲ ಹಾಡು ಏಳೇಳು ಪೆಟ್ಟಿನ ಎಣಿಕೆಯದು. ನಮ್ಮ ಡ್ರಮ್ಮರ್ ಎಷ್ಟು ಪ್ರಯತ್ನಪಟ್ಟರೂ ಎಂಟಕ್ಕೆ ಜಾರುತ್ತಿದ್ದ. ಕಕ್ಕಡ ಮಾಸದ ಮಳೆಯಲ್ಲಿ ಕರೆಂಟ್ ಹೋಗಿ ವಾದ್ಯಗಳೆಲ್ಲ ಸುಮ್ಮನಿದ್ದ ಒಂದು ಸಂಜೆ ಮೃದಂಗದ ಮೇಷ್ಟ್ರ ಮನೆಗೆ ಹೋದೆವು. ಮೊಬೈಲಿನಲ್ಲಿ ಹಾಡು ಕೇಳಿ, ತೊಡೆಯ ಮೇಲೆ ತಟ್ಟುತ್ತ, ‘ತಕಿಟ ತಕಧಿಮಿ ಎಂದುಕೊಳ್ಳಿ. ನಮ್ಮ ಏಳೆಣಿಕೆಯ ತಾಳ ಮಿಶ್ರ ಛಾಪು ಬಂದರೆ ಇದೂ ಬರುತ್ತದೆ’ ಎಂದರು. ಮಳೆ ಮುಗಿಯುವವರೆಗೂ ಡ್ರಮ್ ಮುಟ್ಟದೆ ಬರೀ ಕೈಯಲ್ಲಿ ತಾಳ ಹಾಕಿಸಿದರು. ಮೇಷ್ಟ್ರೇ, ನೀವು ಗುರುದಕ್ಷಿಣೆ ತೆಗೆದುಕೊಳ್ಳಲಿಲ್ಲ. ಈ ಸಾರ್ವಜನಿಕ ನಮಸ್ಕಾರವನ್ನಾದರೂ ಒಪ್ಪಿಕೊಳ್ಳಬೇಕು.

ನಮ್ಮ ಗಿಟಾರ್ ಹುಡುಗ ಕೆನಡಾಕ್ಕೆ ಹೊರಟಾಗ ಎಲ್ಲ ಮುಗಿಯಿತು ಎಂದುಕೊಂಡಿದ್ದೆವು. ಆಗ ಕೈಹಿಡಿದದ್ದೂ ಯು.ಕೆ.ಯೇ. ಬ್ರೂಫೋರ್ಡ್ ಮತ್ತು ಹೋಲ್ಡ್ಸ್‌ವರ್ತ್ ಬಿಟ್ಟುಹೋದ ಮೇಲೆ ಅವರು ಬೇರೆ ಗಿಟಾರ್ ವಾದಕನನ್ನು ಸೇರಿಸಿಕೊಳ್ಳಲಿಲ್ಲ. ಅಮೆರಿಕದ ಸಂಗೀತಗಾರ ಫ್ರಾಂಕ್ ಜಪ್ಪಾ ತಂಡದಲ್ಲಿದ್ದ ಟೆರಿ ಬೋಜಿಯೊ ಡ್ರಮ್‌ಗೆ ಬಂದರು. 1979ರ ಎರಡನೆಯ ಆಲ್ಬಂ ಅನ್ನು ಮೂವರೇ ಮಾಡಿದರು. ಅದೇ ವರ್ಷ ಜಪಾನಿನಲ್ಲಿ ನೇರ ಕಾರ್ಯಕ್ರಮದ ಆಲ್ಬಂ ಕೂಡ ಆಯಿತು. ಮೊದಲನೆಯದೇ ಶ್ರೇಷ್ಠ ಎನ್ನುವವರು ಬಹಳ. ನನಗೆ ಎರಡನೆಯದರ ಮೇಲೆ ಪ್ರೀತಿ ಹೆಚ್ಚು. ಹೋದವರ ಜಾಗವನ್ನು ಇದ್ದವರು ಹೇಗೆ ತುಂಬಿಕೊಳ್ಳಬಹುದು ಎಂದು ಅದರಿಂದ ಕಲಿತೆವು. ಗಿಟಾರಿನ ಸಾಲುಗಳನ್ನು ನಾನು ಕೀಬೋರ್ಡಿಗೆ ತಂದೆ, ಉಳಿದದ್ದನ್ನು ಬಾಸ್ ಹೊತ್ತುಕೊಂಡಿತು. ನಮ್ಮ ಸ್ವಂತ ಹಾಡುಗಳಲ್ಲಿ ಅತ್ಯುತ್ತಮವಾದವು ಹುಟ್ಟಿದ್ದು ಆ ನಂತರವೇ. ವೆಟನ್, ಹೋಲ್ಡ್ಸ್‌ವರ್ತ್ ಇಬ್ಬರೂ 2017ರಲ್ಲಿ ತೀರಿಕೊಂಡರು. ನಮ್ಮ ಈ ಋಣದ ಸುದ್ದಿ ಅವರಿಗೆ ಮುಟ್ಟುವಂತಿಲ್ಲ, ಆದರೂ ಹೇಳದೆ ಇರಲಾರೆ.

ಮಡಿಕೇರಿ ದಸರಾದಲ್ಲಿ ಹತ್ತು ದೇವಸ್ಥಾನಗಳಿಂದ ಮೆರವಣಿಗೆ ಹೊರಡುವ ದಶಮಂಟಪಗಳ ಧ್ವನಿ ನೋಡಿಕೊಳ್ಳುವ ಅಣ್ಣ ಈ ಕೊನೆಯ ಕಾರ್ಯಕ್ರಮಕ್ಕೆ ಮಿಕ್ಸರ್, ಸ್ಪೀಕರ್ ಎಲ್ಲವನ್ನೂ ಡೀಸೆಲ್ ಖರ್ಚಿಗಷ್ಟೇ ತಂದುಕೊಟ್ಟರು. ಮನೆಯವರ ಬಗ್ಗೆ ಬರೆದರೆ ಮುಗಿಯುವುದಿಲ್ಲ, ಅವರಿಗೆ ಗೊತ್ತು.

ಇಷ್ಟು ಬೇಗ ಏಕೆ ನಿಲ್ಲಿಸುತ್ತೀರಿ ಎಂದು ಹಲವರು ನೋವಿನಿಂದಲೇ ಕೇಳಿದಿರಿ. ನಮ್ಮೊಳಗೆ ಜಗಳವಿಲ್ಲ. ಬಾಸ್ ನುಡಿಸುವವನ ತಂದೆಗೆ ಆರೋಗ್ಯ ಸರಿಯಿಲ್ಲ, ತೋಟ ಈಗ ಅವನ ಹೆಗಲ ಮೇಲಿದೆ. ಡ್ರಮ್ಮರ್‌ಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಅವರಿಬ್ಬರ ಜಾಗಕ್ಕೆ ಬೇರೆಯವರನ್ನು ತಂದು ಅದೇ ಹೆಸರಿನಲ್ಲಿ ನುಡಿಸಲು ನನಗೆ ಮನಸ್ಸಿಲ್ಲ.

ಡ್ರಮ್ ಸೆಟ್ ಮತ್ತು ಒಂದು ಆಂಪ್ಲಿಫೈಯರ್ ಗೋದಾಮಿನಲ್ಲಿಯೇ ಇರುತ್ತವೆ, ಯಜಮಾನರು ಒಪ್ಪಿದ್ದಾರೆ. ಲೈನ್ ಮನೆಯ ಒಬ್ಬ ಹುಡುಗಿ ಆಗಲೇ ಮೇಷ್ಟ್ರ ಹತ್ತಿರ ತಾಳ ಕಲಿಯಲು ಹೋಗುತ್ತಿದ್ದಾಳೆ. ಸುತ್ತಮುತ್ತಲಿನ ಮಕ್ಕಳು ಯಾರು ಬೇಕಾದರೂ ರೈಟರಣ್ಣನ ಬಳಿ ಕೀಲಿ ಕೇಳಬಹುದು. ಶನಿವಾರದ ಧ್ವನಿಮುದ್ರಣ ಬೇಕಾದವರು ಪೆನ್ ಡ್ರೈವ್ ಕಳುಹಿಸಿ, ತುಂಬಿಸಿ ಕೊಡುತ್ತೇನೆ.