ದ್ವೀಪದ ಲೈಟ್‌ಹೌಸಿಗೆ ಬೀಗ ಜಡಿಯೋ ಮುಂಚೆ

ಸಂಪಾದಕರಿಗೆ ನಮಸ್ಕಾರ,

ದ್ವೀಪಗಳ ಮೇಲಿರೋ ಹಳೇ ಲೈಟ್‌ಹೌಸ್‌ಗಳ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಕೈಯಲ್ಲೇ ಜಿಪಿಎಸ್ ಇರೋವಾಗ ಸಮುದ್ರದ ನಡುವೆ ಆ ದೀಪ ಯಾಕೆ ಬೇಕು ಅಂತ. ಸಿಗ್ನಲ್ ಜಾಮ್ ಆಗುತ್ತೆ, ಬ್ಯಾಟರಿ ಕೈಕೊಡುತ್ತೆ, ಅಂಥಾ ರಾತ್ರಿ ಸಣ್ಣ ದೋಣಿಯವರಿಗೆ ಕಣ್ಣಿಗೆ ಕಾಣೋ ದೀಪಾನೇ ಗತಿ, ಅಷ್ಟು ಹೇಳಿದ್ರೆ ಸಾಕು ಅನ್ಸುತ್ತೆ. ಆದ್ರೆ ನಾನು ಬರೀತಿರೋದು ಅದಕ್ಕಲ್ಲ. ದೀಪವೇನೋ ಉಳೀತಿದೆ, ಲೈಟ್‌ಹೌಸೇ ಹೋಗ್ತಿದೆ, ಅದಕ್ಕೆ ಬರೀತಿದೀನಿ.

ಹೇಗೆ ಅಂದ್ರೆ, ಆಟೋಮ್ಯಾಟಿಕ್ ಮಾಡ್ತಾರೆ, ಒಂದು ಸೋಲಾರ್ ಪ್ಯಾನಲ್ಲು, ಮೇಲೆ ಕಂಬಿಗೆ ಕಟ್ಟಿದ ಒಂದು ಚಿಕ್ಕ ಎಲ್‌ಇಡಿ, ಕೆಲಸ ಮುಗೀತು, ಕಾವಲುಗಾರರು ಕೊನೇ ದೋಣಿ ಹತ್ತಿ ವಾಪಸ್ ಬರ್ತಾರೆ, ಮನೆಗೆ ಬೀಗ. ಆಮೇಲೆ ಆ ಕಟ್ಟಡವನ್ನ ತಿನ್ನೋದು ಬಿರುಗಾಳಿ ಅಲ್ಲ ಸ್ವಾಮಿ, ಒಳಗಿನ ತೇವ. ಜನ ಇದ್ದಾಗ ದಿನಾ ಒಲೆ ಉರೀತಿತ್ತು, ಕಿಟಕಿ ತೆಗೀತಿದ್ರು, ಎಲ್ಲೋ ಒಂದು ಕಡೆ ಸುಣ್ಣ ಎದ್ರೆ ಅವತ್ತೇ ಮೆತ್ತುತಿದ್ರು. ಬೀಗ ಬಿದ್ಮೇಲೆ ಉಪ್ಪುಗಾಳಿ ಒಳಗೇ ಕೂತು ಕಬ್ಬಿಣದ ಮೆಟ್ಟಿಲನ್ನ ಪದರ ಪದರ ಎಬ್ಬಿಸುತ್ತೆ, ಮರ ಮೆತ್ತಗಾಗುತ್ತೆ. ನೂರಾರು ವರ್ಷ ಅಲೆ ಹೊಡೆತ ತಡ್ಕೊಂಡ ಕಟ್ಟಡಕ್ಕೆ ಖಾಲಿ ಮನೆಯ ಹತ್ತಿಪ್ಪತ್ತು ವರ್ಷ ತಡ್ಕೊಳ್ಳೋದು ಕಷ್ಟ.

ಒಂದ್ಸಲ ಹಳೇ ಲೈಟ್‌ಹೌಸ್ ಒಂದರ ತುದಿವರೆಗೂ ಹತ್ತಿದ್ದೆ, ಆ ಲೆನ್ಸ್ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಲೆನ್ಸ್ ಅಂದ್ರೆ ಕನ್ನಡಕದ ಗಾಜಿನ ಥರ ಅಂದ್ಕೊಬೇಡಿ, ಆಳೆತ್ತರಕ್ಕಿಂತ ಎತ್ತರ, ಜೇನುಗೂಡಿನ ಆಕಾರ, ಹಿತ್ತಾಳೆ ಚೌಕಟ್ಟಿನಲ್ಲಿ ಬಳೆ ಬಳೆಯಾಗಿ ಕೂರಿಸಿದ ಗಾಜಿನ ಪಟ್ಟಿಗಳು, ಒಂದೊಂದರ ಕೋನಾನೂ ಬೇರೆ ಬೇರೆ, ಎಲ್ಲಾ ಸೇರಿ ನಡುವಿನ ಒಂದು ಪುಟ್ಟ ದೀಪದ ಬೆಳಕನ್ನ ಬಾಚಿ ಒಂದೇ ಕಡೆ ಸಮುದ್ರದ ಮೇಲಕ್ಕೆ ಎಸೀತವೆ. ಅಗಸ್ಟಿನ್ ಫ್ರೆನೆಲ್ ಅನ್ನೋ ಫ್ರೆಂಚ್ ವಿಜ್ಞಾನಿ ಯೋಚನೆ ಇದು. ದೊಡ್ಡ ಲೆನ್ಸ್‌ಗಳು ಟನ್‌ಗಟ್ಟಲೆ ತೂಗ್ತವೆ, ಆದ್ರೂ ಪಾದರಸದ ತೊಟ್ಟಿ ಮೇಲೆ ತೇಲಿಸಿರೋದ್ರಿಂದ ಬೆರಳಲ್ಲಿ ತಳ್ಳಿದ್ರೆ ಸಾಕು, ತಿರುಗುತ್ತೆ. ಕರೆಂಟ್ ಬರೋ ಮುಂಚೆ ಅದನ್ನ ತಿರುಗಿಸ್ತಿದ್ದಿದ್ದು ಗೋಡೆ ಗಡಿಯಾರದಲ್ಲಿ ಇರೋ ಥರದ್ದೇ ಒಂದು ಭಾರ, ಗೋಪುರದ ಒಳಗೆ ನಿಧಾನಕ್ಕೆ ಇಳೀತಿತ್ತು, ಇಳಿದ್ಮೇಲೆ ಕಾವಲುಗಾರ ಹ್ಯಾಂಡಲ್ ತಿರುಗಿಸಿ ಮತ್ತೆ ಮೇಲೆತ್ತಬೇಕು, ರಾತ್ರಿಯೆಲ್ಲಾ ಇದೇ. ಗಾಜು ಒರೆಸುವಾಗ ಅಂಗಿ ಗುಂಡಿ ತಾಗಿ ಗೀರು ಬೀಳ್ಬಾರ್ದು ಅಂತ ಮೈಗೆ ಬಟ್ಟೆ ಸುತ್ಕೊಳ್ತಿದ್ರಂತೆ. ಬೆಳಗಾದ್ರೆ ಸುತ್ತ ಪರದೆ ಎಳೀತಿದ್ರು, ಯಾಕಂದ್ರೆ ಬೆಳಕನ್ನ ಹೊರಗೆ ಕಳಿಸೋ ಗಾಜು ಹಗಲು ಬಿಸಿಲನ್ನ ಒಳಗೂ ಸೆಳೆಯುತ್ತೆ, ಬೆಂಕಿ ಹತ್ಕೋಬಹುದು.

ಇಂಥಾ ಲೆನ್ಸನ್ನ ಬಿಚ್ಚಿ ಎಲ್ಲೋ ಮ್ಯೂಸಿಯಂನಲ್ಲಿ ಇಟ್ರೆ ಸುರಕ್ಷಿತವಾಗಿರುತ್ತೆ ಅಂತಾರೆ. ಪಾದರಸ ವಿಷ, ಅದನ್ನ ತೆಗೀರಿ, ಒಪ್ತೀನಿ. ಗಾಜನ್ನ ಮಾತ್ರ ಅಲ್ಲೇ ಬಿಡಿ. ಅದು ಆ ಎತ್ತರಕ್ಕೇ, ಆ ದಿಗಂತಕ್ಕೇ ಲೆಕ್ಕ ಹಾಕಿ ಕೂರಿಸಿದ್ದು, ಕೆಳಗಿಳಿಸಿದ್ರೆ ಬರೀ ಚೆಂದದ ಗಾಜಷ್ಟೇ. ಪ್ರತಿಯೊಂದು ಲೈಟ್‌ಹೌಸ್‌ಗೂ ಅದರದ್ದೇ ಲಯ ಇರುತ್ತೆ, ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿನುಗುತ್ತೆ ಅಂತ ಎಣಿಸಿಯೇ ನಾವಿಕ ತಾನು ಯಾವ ತೀರದ ಎದುರಿಗಿದೀನಿ ಅಂತ ಹೇಳ್ತಾನೆ, ಆ ಲಯ ಹುಟ್ತಿದ್ದಿದ್ದು ಇದೇ ಗಾಜು ತಿರುಗೋದ್ರಿಂದ.

ಇನ್ನು ಆ ಮನೆಗಳು. 1838ರಲ್ಲಿ ಇಂಗ್ಲೆಂಡಿನ ಫಾರ್ನ್ ದ್ವೀಪಗಳ ಹತ್ರ ಫೋರ್ಫರ್‌ಶೈರ್ ಅನ್ನೋ ಹಡಗು ಬಂಡೆಗೆ ಬಡಿದು ಮುರೀತು. ಅದನ್ನ ನಸುಕಲ್ಲಿ ಲಾಂಗ್‌ಸ್ಟೋನ್ ಲೈಟ್‌ಹೌಸಿನ ತನ್ನ ಕೋಣೆ ಕಿಟಕಿಯಿಂದ ಕಂಡಿದ್ದು ಕಾವಲುಗಾರನ ಮಗಳು ಗ್ರೇಸ್ ಡಾರ್ಲಿಂಗ್, 22 ವರ್ಷದ ಹುಡುಗಿ. ಅಪ್ಪನ ಜೊತೆ ಹುಟ್ಟು ಹಾಕ್ಕೊಂಡು ಆ ಅಲೆಗಳಲ್ಲಿ ಹೋಗಿ ಬಂದ್ಲು, ಬಂಡೆ ಮೇಲಿದ್ದ ಒಂಬತ್ತು ಜನ ಬದುಕಿದ್ರು. ಆ ಕಿಟಕಿ ಹಿಂದೆ ಒಂದು ಸಂಸಾರ ಇತ್ತು, ಅದಕ್ಕೇ ಹಡಗು ಕಣ್ಣಿಗೆ ಬಿತ್ತು. ಸೆನ್ಸರ್ ಇದನ್ನೆಲ್ಲಾ ನೋಡಲ್ಲ.

ಕಾಪಾಡೋಕೆ ಆಗಲ್ಲ, ಖರ್ಚು ಜಾಸ್ತಿ ಅನ್ನೋರಿಗೆ ಎರಡು ಉದಾಹರಣೆ ಇದೆ. ಇಂಗ್ಲೆಂಡಿನ ತೀರದಾಚೆ ಸಮುದ್ರದಲ್ಲಿರೋ ಎಡಿಸ್ಟೋನ್ ಬಂಡೆ ಮೇಲೆ ಜಾನ್ ಸ್ಮೀಟನ್ ಅನ್ನೋ ಇಂಜಿನಿಯರ್ 1759ರಲ್ಲಿ ಕಲ್ಲಿಗೆ ಕಲ್ಲು ಹಲ್ಲು ಕಚ್ಚೋ ಹಾಗೆ ಜೋಡಿಸಿ ಕಟ್ಟಿದ್ದ ಗೋಪುರ ಚೆನ್ನಾಗೇ ಇತ್ತು, ಕೆಳಗಿನ ಬಂಡೆಯೇ ಸವೆಯೋಕೆ ಶುರುವಾಯ್ತು. 1882ರಲ್ಲಿ ಪಕ್ಕದಲ್ಲಿ ಹೊಸದು ಬಂತು, ಹಳೇದನ್ನ ಒಡೆದು ಹಾಕ್ಲಿಲ್ಲ, ಮೇಲಿನ ಭಾಗದ ಕಲ್ಲುಗಳನ್ನ ಬಿಡಿಸಿ ತಂದು ಪ್ಲಿಮತ್ ಊರಿನ ದಡದಲ್ಲಿ ಮತ್ತೆ ಕಟ್ಟಿದ್ರು, ಇವತ್ತಿಗೂ ಜನ ಹತ್ತಿ ನೋಡ್ತಾರೆ.

ಇನ್ನೊಂದು ಫ್ರಾನ್ಸಿನ ಕೊರ್ದುವಾನ್. ಜಿರೋಂದ್ ನದಿ ಸಮುದ್ರ ಸೇರೋ ಕಡೆ ನೀರಿನ ನಡುವೆ 1611ರಿಂದ ನಿಂತಿದೆ, ಫ್ರೆನೆಲ್ ಲೆನ್ಸ್ ಮೊದಲು ಉರಿದಿದ್ದೂ ಅಲ್ಲೇ, 1823ರಲ್ಲಿ. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ದೀಪ ಆಟೋಮ್ಯಾಟಿಕ್ ಆದ್ರೂ ಅಲ್ಲಿ ಜನ ಇನ್ನೂ ಸರದಿ ಮೇಲೆ ವಾಸ ಮಾಡ್ತಾರೆ, ಕಟ್ಟಡ ನೋಡ್ಕೊಳ್ತಾರೆ, ಬಂದೋರಿಗೆ ಬಾಗಿಲು ತೆಗೀತಾರೆ. ಲೈಟ್‌ಹೌಸ್ ಇಲಾಖೆಗಳವರು ಇನ್ನೊಂದು ದ್ವೀಪದ ಮನೆಗೆ ಬೀಗ ಜಡಿಯೋ ಮುಂಚೆ ಆ ಬೀಗದ ಕೈನ ಯಾರಿಗೆ ಕೊಡ್ಬಹುದು ಅಂತ ಹುಡುಕಲಿ. ಹಕ್ಕಿ ಎಣಿಸೋ ಸಂಶೋಧಕರಿಗೆ ಕೊಡಿ, ಹವಾಮಾನದವರಿಗೆ ಕೊಡಿ, ರಿಪೇರಿ ಮಾಡ್ಕೊಂಡು ಇರ್ತೀವಿ ಅನ್ನೋ ಸಂಘಕ್ಕೆ ಪುಗಸಟ್ಟೆನಾದ್ರೂ ಕೊಡಿ, ಒಟ್ನಲ್ಲಿ ಅಲ್ಲಿ ಸಂಜೆ ಕಿಟಕಿ ಹಾಕಿ ಬೆಳಿಗ್ಗೆ ತೆಗೆಯೋಕೆ ಒಬ್ರು ಇರ್ಲಿ.

ಇತಿ,
ನಿಮ್ಮ ಓದುಗ