ದಿಂಬಿನ ಮೇಲೆ ಬಡಿದ ತಾರು

ಸಂಪಾದಕರಿಗೆ,

ಮಾನ್ಯರೇ,

ಡಾಲ್ಟನ್ ಟ್ರಂಬೊ ಅವರ ‘ಜಾನಿ ಗಾಟ್ ಹಿಸ್ ಗನ್’ ಕಾದಂಬರಿಯನ್ನು ಬೆಳಗಾವಿಯ ರಂಗತಂಡಗಳು ಕನ್ನಡದಲ್ಲಿ ಆಡಬೇಕೆಂದು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನಕ್ಕೆ ನಮ್ಮ ಪೂರ್ಣ ಸಹಮತಿಯಿದೆ. ಆದರೆ ಮೊದಲ ಮಹಾಯುದ್ಧದಲ್ಲಿ ಕೈ, ಕಾಲು, ಕಣ್ಣು, ಕಿವಿ, ಬಾಯಿ ಎಲ್ಲವೂ ಹೋಗಿ ಆಸ್ಪತ್ರೆಯಲ್ಲಿ ಬಿದ್ದಿರುವ ಜೋ ಬಾನ್ಹಮ್ ‘ತಲೆಯನ್ನು ದಿಂಬಿಗೆ ಕುಟ್ಟಿ ಏನೋ ಸನ್ನೆ ಮಾಡುತ್ತಾನೆ’ ಎಂದು ಲೇಖಕರು ಅರ್ಧ ಸಾಲಿನಲ್ಲಿ ಮುಗಿಸಿದ್ದಾರೆ. ಅದು ಏನೋ ಸನ್ನೆಯಲ್ಲ, ಮೋರ್ಸ್: ಗಿಡ್ಡ ಚುಕ್ಕೆ, ಉದ್ದ ಗೆರೆಗಳಲ್ಲಿ ಒಂದೊಂದೇ ಅಕ್ಷರ ಕಳಿಸುವ ಸಂಕೇತ. ನಮ್ಮ ಕಡೆಯ ಮಾತಿನಲ್ಲಿ ತಾರು. 2013ರ ಜುಲೈಯಲ್ಲಿ ತಾರು ಸೇವೆಯೇ ನಿಂತಿದ್ದರಿಂದ ಇಂದಿನ ನಟರಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಆಡಿದರೆ ನಾಟಕದ ಬೆನ್ನೆಲುಬೇ ಮುರಿಯುತ್ತದೆ.

ಮೋರ್ಸಿನಲ್ಲಿ ಸದ್ದಿಗಿಂತ ಅಳತೆ ಮುಖ್ಯ. ಚುಕ್ಕೆಗೆ ಒಂದು ಮಾತ್ರೆಯಾದರೆ ಗೆರೆಗೆ ಮೂರು. (ಛಂದಸ್ಸಿನ ಗುರುವಿಗೆ ಎರಡೇ, ಇಲ್ಲಿ ಇನ್ನೊಂದು ಹೆಚ್ಚು.) ಒಂದೇ ಅಕ್ಷರದೊಳಗಿನ ಬಿಡುವು ಒಂದು ಮಾತ್ರೆ, ಅಕ್ಷರ ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಜೋ ಕಳಿಸುವ ‘ಹೆಲ್ಪ್’ ಎಂಬ ಪದದಲ್ಲಿ 13 ಬಡಿತಗಳಿವೆ, ಒಟ್ಟು 37 ಮಾತ್ರೆ. ನಿಮಿಷಕ್ಕೆ 20 ಪದ ಕಳಿಸುವ ಕೈ ಅದನ್ನು ಎರಡು ಸೆಕೆಂಡಿಗೆ ತುಸು ಹೆಚ್ಚಿನಲ್ಲಿ ಮುಗಿಸುತ್ತದೆ. ಕುತ್ತಿಗೆಗೆ ಆ ವೇಗ ಎಲ್ಲಿಂದ ಬರಬೇಕು? ಮಾತ್ರೆಗೆ ಅರ್ಧ ಸೆಕೆಂಡು ಹಿಡಿದರೂ ಹದಿನೆಂಟೂವರೆ ಸೆಕೆಂಡು.

ಇನ್ನು ಗೆರೆಯ ಪ್ರಶ್ನೆ. ತಾರನ್ನು ಸದ್ದಾಗಿ ಕೇಳಿಸುತ್ತಿದ್ದ ಹಳೆಯ ಸೌಂಡರ್ ಯಂತ್ರದಲ್ಲಿ, ಕಳಿಸುವವನು ಕೀ ಒತ್ತಿದಾಗ ಒಂದು ಸದ್ದು, ಬಿಟ್ಟಾಗ ಬೇರೊಂದು ಸದ್ದು. ಇವೆರಡರ ನಡುವಿನ ಅಂತರ ಕೇಳಿಯೇ ಚುಕ್ಕೆಯೋ ಗೆರೆಯೋ ಎಂದು ತಿಳಿಯಬೇಕು. ದಿಂಬಿನಲ್ಲಿ ಎರಡನೆಯ ಸದ್ದೇ ಇಲ್ಲ, ಮೊದಲನೆಯದನ್ನೂ ಹತ್ತಿ ನುಂಗುತ್ತದೆ. ನಟ ಒಂದೇ ಸಮನೆ ಕುಟ್ಟುತ್ತ ಹೋದರೆ ಬಲ್ಲವರಿಗೆ ಕಾಣುವುದು ಸಾಲು ಚುಕ್ಕೆ, ಅಂದರೆ ಒಂದೇ ಚುಕ್ಕೆಯ ಅಕ್ಷರವಾದ ‘ಇ’, ಬರೀ ‘ಇ, ಇ, ಇ’. ತಲೆ ದಿಂಬಿನ ಮೇಲೆ ಸುಮ್ಮನಿರುವುದೇ ಖಾಲಿ ಲೈನು. ಹಾಗಾಗಿ ಎತ್ತಿ ಹಿಡಿದದ್ದನ್ನೇ ಗುರುತೆಂದು ಲೆಕ್ಕ ಹಾಕುವುದು ಒಳ್ಳೆಯದು: ಎತ್ತಿ ತಕ್ಷಣ ಬಿಟ್ಟರೆ ಚುಕ್ಕೆ, ಎತ್ತಿ ಮೂರು ಎಣಿಸಿ ಬಿಟ್ಟರೆ ಗೆರೆ. ದಣಿದ ಕುತ್ತಿಗೆಯಲ್ಲಿ ಮೊದಲು ಸಾಯುವುದು ಗೆರೆಯೇ. ‘ಎಸ್ ಓ ಎಸ್’ನ ನಡುವಿನ ‘ಓ’ಗೆ ಮೂರು ಗೆರೆ ಬೇಕು. ಅವು ಮೊಟಕಾಗಿ ಮೂರು ಚುಕ್ಕೆಯಾದವೆಂದರೆ ‘ಎಸ್ ಎಸ್ ಎಸ್’ ಆಗುತ್ತದೆ. ಬಿಡುವು ತಪ್ಪಿದರೂ ಅಷ್ಟೇ. ‘ಹೆಲ್ಪ್’ನ ‘ಎಲ್’ ಒಡೆದು ‘ಎ, ಐ’ ಆಗುತ್ತದೆ, ‘ಪಿ’ ಒಡೆದು ‘ಎ, ಎನ್’ ಆಗುತ್ತದೆ. ಲೈನಿನಲ್ಲಾದರೆ ಆಚೆಯವನು ಪ್ರಶ್ನೆ ಚಿಹ್ನೆ ಕಳಿಸಿ ‘ಮತ್ತೊಮ್ಮೆ’ ಅನ್ನಬಹುದು. ಜೋ ಪಾಲಿಗೆ ಆಚೆ ಯಾರಿದ್ದಾರೆ ಎಂಬುದೇ ಗೊತ್ತಿಲ್ಲ. ನೋಡುವವರಿಗೆ ಅದು ಮೈ ಸೆಳೆತದಂತೆ ಕಂಡು ಮಂಪರಿನ ಔಷಧ ಕೊಡುತ್ತಾರೆ. ಔಷಧ ಇಳಿದ ಮೇಲೆ ಅವನು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಲೇಖನದಲ್ಲಿ ಇನ್ನೊಂದು ತಪ್ಪಿದೆ. ಹೊಸ ನರ್ಸ್ ಅವನ ಎದೆಯ ಮೇಲೆ ಬೆರಳಿನಿಂದ ‘ಮೆರ್ರಿ ಕ್ರಿಸ್‌ಮಸ್’ ಎಂದದ್ದು ಮೋರ್ಸಿನಲ್ಲಲ್ಲ. ಪಾಟಿಯ ಮೇಲೆ ಮಕ್ಕಳು ತಿದ್ದುವಂತೆ ಒಂದೊಂದೇ ಅಕ್ಷರ ಬರೆದದ್ದು. ಅವಳಿಗೆ ಮೋರ್ಸ್ ಬರುವುದಿಲ್ಲ, ತಲೆಯ ಅಲುಗಾಟಕ್ಕೆ ಅರ್ಥವಿದೆ ಎಂಬುದಷ್ಟು ಹೊಳೆಯುತ್ತದೆ. ಹಣೆಯ ಮೇಲೆ ಮೋರ್ಸ್ ಬಡಿಯುವವನು ಆಮೇಲೆ ಬರುವ ಮನುಷ್ಯ: ‘ನಿನಗೇನು ಬೇಕು?’ ಬೆರಳನ್ನು ಒತ್ತಿ ಹಿಡಿಯಬಹುದಾದ್ದರಿಂದ ಗೆರೆ ಚರ್ಮಕ್ಕೆ ಸ್ಪಷ್ಟವಾಗಿ ತಿಳಿಯುತ್ತದೆ. ಈ ಲೈನಿನಲ್ಲಿ ಕಳಿಸುವುದು ಕಷ್ಟ, ಪಡೆಯುವುದು ಸುಲಭ.

ಅನುವಾದಕರಿಗೊಂದು ಮಾತು. ‘ಹೆಲ್ಪ್’ ಬದಲು ‘ಕಾಪಾಡಿ’ ಎಂದು ಬಡಿಸುವ ಆಸೆ ಬರಬಹುದು. ಒತ್ತಕ್ಷರ, ಗುಣಿತಗಳನ್ನು ಮೋರ್ಸಿಗೆ ತರುವ ಗೋಜು ಬೇಡವೆಂದು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೇ ತಾರು ಕೊಡುವ ರೂಢಿಯಿತ್ತು. ಆ ಲೆಕ್ಕದಲ್ಲಿ ‘ಕಾಪಾಡಿ’ಗೆ 55 ಮಾತ್ರೆ, ಅರ್ಧದಷ್ಟು ಹೆಚ್ಚು. ಅಮೆರಿಕದ ಸಿಪಾಯಿ ಅಮೆರಿಕದವನಾಗಿಯೇ ಇರಲಿ, ಬಡಿತ ಇಂಗ್ಲಿಷಿನಲ್ಲೇ ಇರಲಿ, ಅರ್ಥವನ್ನು ಅವನ ಮನಸ್ಸಿನ ಮಾತಿನಲ್ಲಿ ಹೇಳಿಸಿ. ಮೂಲದಲ್ಲಿ ಅಲ್ಪವಿರಾಮಗಳಿಲ್ಲ. ಅವನ್ನು ತುಂಬುವ ಉಪಕಾರವನ್ನೂ ಮಾಡಬೇಡಿ.

ನಮ್ಮ ಭಾಗದ ಪ್ರೇಕ್ಷಕರಿಗೆ ಇದು ದೂರದ ಕಥೆ ಎಂಬ ಅಳುಕು ಬೇಡ. ಅದೇ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ನುಗಳು ಮೆಸಪೊಟೇಮಿಯಾದ (ಇಂದಿನ ಇರಾಕ್) ಕುಟ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. ಆ ರೆಜಿಮೆಂಟಿನ ಕೇಂದ್ರ ಇಂದು ಇರುವುದು ನಮ್ಮ ಊರಿನಲ್ಲೇ. ತಾರು ಬಂತು ಎಂದರೆ ಒಡೆದು ಓದುವ ಮೊದಲೇ ಅಳು ಶುರುವಾಗುತ್ತಿದ್ದ ಮನೆಗಳು ಇಲ್ಲಿಯವೇ.

ಲೇಖಕರು ಜೋನನ್ನು ‘ಜಗತ್ತಿಗೆ ಕೇಳಿಸದ ದನಿ’ ಎಂದಿದ್ದಾರೆ. ಇದಕ್ಕೆ ನಮ್ಮ ಬಲವಾದ ತಕರಾರಿದೆ. ದನಿ ಕೇಳಿಸಿತು. ತಾರು ಮುಟ್ಟಿತು, ಓದಿದರು, ಉತ್ತರವೂ ಬಂತು. ತನ್ನನ್ನು ಹೊರಗೆ ಒಯ್ದು ಜನರಿಗೆ ತೋರಿಸಿ, ಯುದ್ಧ ಅಂದರೆ ಏನೆಂದು ಅವರು ನೋಡಲಿ ಎಂಬ ಅವನ ಬೇಡಿಕೆಗೆ ಸಿಕ್ಕ ಉತ್ತರ: ‘ನೀನು ಕೇಳುತ್ತಿರುವುದು ನಿಯಮಗಳಿಗೆ ವಿರುದ್ಧ.’ ಲೈನು ಕೆಟ್ಟಿದ್ದರೆ ಇದು ಬರೀ ದುರಂತದ ಕಥೆಯಾಗುತ್ತಿತ್ತು. ಲೈನು ಸರಿಯಿತ್ತು ಎಂಬುದರಿಂದಲೇ ಇದು ಯುದ್ಧವಿರೋಧಿ ಕಾದಂಬರಿ.

ಆ ಉತ್ತರದ ಇಂಗ್ಲಿಷ್ ವಾಕ್ಯ ಒಟ್ಟು 289 ಮಾತ್ರೆ. ಅರ್ಧ ಸೆಕೆಂಡಿನ ಲೆಕ್ಕದಲ್ಲಿ ಎರಡು ನಿಮಿಷ ಇಪ್ಪತ್ತೈದು ಸೆಕೆಂಡು. ಅದರಲ್ಲಿ ‘ನಿಯಮಗಳು’ ಎಂಬ ಅರ್ಥದ ‘ರೆಗ್ಯುಲೇಶನ್ಸ್’ ಒಂದಕ್ಕೇ 95 ಮಾತ್ರೆ, ಸುಮಾರು ನಲವತ್ತೆಂಟು ಸೆಕೆಂಡು. ನಿರ್ದೇಶಕರಿಗೆ ಇದನ್ನು ಕತ್ತರಿಸುವ ಮನಸ್ಸಾಗುವುದು ಸಹಜ. ಕತ್ತರಿಸಬೇಡಿ, ಹಿನ್ನೆಲೆ ಸಂಗೀತವನ್ನೂ ಹಾಕಬೇಡಿ. ಹಣೆಯ ಮೇಲಿನ ಬೆರಳಿಗೆ ಮಾತ್ರ ಬೆಳಕು ಬಿದ್ದಿರಲಿ, ಕೊನೆಯ ಮೂರು ಚುಕ್ಕೆಯ ‘ಎಸ್’ ಮುಗಿಯುವವರೆಗೆ.

— ನಿವೃತ್ತ ತಾರು ಕಚೇರಿ ನೌಕರರು, ಟಿಳಕವಾಡಿ, ಬೆಳಗಾವಿ